ನೆಲ ಮುಟ್ಟದ ಹೂವು

ಮಧುಗಿರಿ ಬೆಟ್ಟದ ಬುಡದ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕರಿಬಸಮ್ಮನ ದಿನ ಹೂವಿನಿಂದಲೇ ಶುರುವಾಗುತ್ತಿತ್ತು. ಹಿತ್ತಲಿನ ಕಣಗಿಲೆ, ನಂದಿಬಟ್ಟಲು, ತುಂಬೆಗಳನ್ನು ಮುಂಜಾವಿನಲ್ಲೇ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ಮನೆಮಂದಿ ತಮ್ಮ ತಮ್ಮ ಅಂಗೈಯ ಲಿಂಗಕ್ಕೆ ಏರಿಸುತ್ತಿದ್ದುದು ಆ ಹೂಗಳನ್ನೇ. ನೆಲಕ್ಕೆ ಬಿದ್ದದ್ದನ್ನು ಎತ್ತಬಾರದು, ಪೂಜೆಗೆ ಮೊದಲು ಮೂಸಬಾರದು ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಮಲ್ಲಿಗೆ ಬಿಡಿಸುವಾಗ ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದಳು; ಆ ಅಭ್ಯಾಸದಿಂದ ಕತ್ತು ಒಂದಿಷ್ಟು ವಾಲಿಯೇ ಹೋಗಿತ್ತು.

ಮಗಳು ದಾಕ್ಷಾಯಣಿ ಇನ್ನೂ ತೊದಲುವ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದಳು. ಮನೆಗೆ ಬಂದಿದ್ದ ಜಂಗಮರೊಬ್ಬರು ಬೆಂಗಳೂರಿನ ಲಾಲ್‌ಬಾಗಿನ ನಾಗಲಿಂಗದ ಮರದ ಸುದ್ದಿ ಹೇಳಿದರು. ಅದರ ಹೂವಿನೊಳಗೇ ಒಂದು ಲಿಂಗ, ಅದಕ್ಕೆ ನೆರಳಾಗಿ ನಾಗನ ಹೆಡೆ. ಮಗು ಉಳಿದರೆ ಆ ಹೂವನ್ನು ನನ್ನ ಲಿಂಗಕ್ಕೆ ಏರಿಸುತ್ತೇನೆ ಎಂದು ಕರಿಬಸಮ್ಮ ಹರಸಿಕೊಂಡಳು. ಮಗು ಉಳಿಯಿತು, ಬೆಳೆಯಿತು, ಸಿರಾಕ್ಕೆ ಸೊಸೆಯಾಗಿ ಹೋಯಿತು. ಹರಕೆ ಮಾತ್ರ ಹಾಗೇ ನಿಂತಿತ್ತು. ಗಂಡ ಅಡವಯ್ಯ ಬೆಲ್ಲದ ವ್ಯಾಪಾರಿ. ಪ್ರತಿ ವರ್ಷ, "ಈ ಸುಗ್ಗಿ ಒಂದು ಕಳೀಲಿ" ಅನ್ನುತ್ತಿದ್ದ. ಈಗ ದಾಕ್ಷಾಯಣಿ ತುಂಬಿದ ಬಸುರಿ. ತೀರದ ಹರಕೆಯ ಕೆಳಗೆ ಮಗಳು ಹೆರಿಗೆಗೆ ಕೂರುವುದು ಕರಿಬಸಮ್ಮ ಒಪ್ಪುವ ಮಾತಾಗಿರಲಿಲ್ಲ. ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾದಾಗ, ಗಂಡ ಬರದಿದ್ದರೆ ತಾನೊಬ್ಬಳೇ ಹೊರಡುವುದಾಗಿ ಹೇಳಿಬಿಟ್ಟಳು. ಅಡವಯ್ಯ ಜೊತೆಗೆ ಹೊರಟ. ಮೋಟಾರು ಬಸ್ಸಿನಲ್ಲಿ ತುಮಕೂರು, ಅಲ್ಲಿಂದ ರೈಲು, ರಾತ್ರಿ ಛತ್ರದಲ್ಲಿ ತಂಗಿ, ಬೆಳಗ್ಗೆ ಲಾಲ್‌ಬಾಗು.

ಸ್ನಾನ ಮುಗಿಸಿ ಮಡಿಯಲ್ಲಿ ಬಂದಿದ್ದಳು. ಪೂಜೆ ಇನ್ನೂ ಆಗಿರಲಿಲ್ಲ. ಪೂಜೆಯಾಗದೆ ನೀರನ್ನೂ ಮುಟ್ಟುವವಳಲ್ಲ.

ವಸಂತ ಆ ತೋಟವನ್ನು ಹಿಡಿದು ಅಲ್ಲಾಡಿಸಿದಂತಿತ್ತು. ಎಲೆಯೇ ಇಲ್ಲದ ಮರಗಳ ತುಂಬ ಬಣ್ಣ. ಕರಿಬಸಮ್ಮ ಯಾವುದನ್ನೂ ನೋಡಲಿಲ್ಲ. ಕೇಳಿಕೊಂಡು ಕೇಳಿಕೊಂಡು ಆ ಮರದ ಮುಂದೆ ಬಂದು ನಿಂತಳು. ಕಾಂಡವನ್ನೇ ಸೀಳಿಕೊಂಡು ಬಂದ ಎಳೆಕೊಂಬೆಗಳ ಮೇಲೆ, ಕೈಗೆ ಎಟುಕುವಷ್ಟು ಹತ್ತಿರ, ಕೆಂಪು ಹೂಗಳು. ಹೆಡೆ ಇತ್ತು. ಹೆಡೆಯ ಕೆಳಗೆ ಬಿಳಿಯ ಪುಟ್ಟ ಲಿಂಗವೂ ಇತ್ತು. ಪರಿಮಳ ಅಲೆಯಂತೆ ಬಂದಾಗ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಯಾಕವ್ವ, ನಾತ ಬಡೀತದಾ? ಬೆಂಗ್ಳೂರೋರು ಇದ್ರ ತಾವ ಮೂಗು ಇಕ್ಕಂಡು ನಿಂತ್ಕತಾರೆ, ನೀವು ನೋಡುದ್ರೆ ಮುಚ್ಕಂಡಿದ್ದೀರಿ." ಕಾವಲಿನ ಮಾಲಿ ಕೋಲೂರಿ ನಿಂತಿದ್ದ.

"ಪೂಜೆಗೆ ಮುಂಚೆ ಮೂಸ್ಬಾರ್ದು ಕಣಪ್ಪ."

"ಗಾಳೀಗೆ ಯಾರು ಹೇಳ್ಕೊಡ್ತಾರೆ ಅದ್ನ?" ಮಾಲಿ ನಕ್ಕ. "ಮಾತು ನಮ್ಮ ಕಡೇದಿದ್ದಂಗದೆ. ಯಾವೂರು?"

"ಮಧುಗಿರಿ."

"ಅಂಗನ್ನಿ. ನಾನು ದೊಡ್ಡೇರಿಯೋನು, ಹುಚ್ಚಣ್ಣ ಅಂತ. ಊರಾಗೆ ಕುರಿ ಕಾಯ್ತಿದ್ದೆ, ಇಲ್ಲಿ ಹೂವ ಕಾಯ್ತಿವ್ನಿ. ಕುರಿಯೇ ವಾಸಿ, ಕರದ್ರೆ ಬತ್ತಾವೆ."

ಅಡವಯ್ಯ ಹರಕೆಯ ಸಂಗತಿ ಹೇಳಿ ಒಂದು ಹೂವು ಕೇಳಿದ. ಹುಚ್ಚಣ್ಣನ ಮುಖ ಸಣ್ಣದಾಯಿತು.

"ಕೀಳಂಗಿಲ್ಲ ಯಜಮಾನ್ರೆ. ನಮ್ಮೂರೋರು ಅಂತ ಬುಟ್ರೆ ನನ್ನ ಅನ್ನ ಹೋಯ್ತದೆ. ಕೆಳಗೆ ಬಿದ್ದಿರಾವು ಬೇಕಾದ್ರೆ ಒಂದು ಮಂಕ್ರಿ ತುಂಬ್ಕಂಡೋಗಿ."

"ಬಿದ್ದಿರೋದು ಆಗಲ್ಲಪ್ಪ," ಎಂದಳು ಕರಿಬಸಮ್ಮ.

ಹುಚ್ಚಣ್ಣ ಆ ಕಡೆ ಹೋದಾಗ ಅಡವಯ್ಯ ದನಿ ತಗ್ಗಿಸಿದ. "ಲೇ, ಕಿತ್ಕೊ ಒಂದ್ನ. ಪೂಜೆಗೆ ಕಿತ್ರೆ ಕಳ್ತನ ಅಂತಾರೇನೆ?"

"ಅವನ ಅನ್ನ ಕಿತ್ತು ನನ್ನ ಮಗಳಿಗೆ ಆಯಸ್ಸು ಕೇಳ್ಲಾ?"

ಆಗ ಗಾಳಿಯಿಲ್ಲದೆಯೇ ಒಂದು ಹೂವು ಕಳಚಿ, ಮೆತ್ತಗೆ ನೆಲಕ್ಕೆ ಬಿತ್ತು. ಅದನ್ನೇ ನೋಡುತ್ತ ನಿಂತವಳು ಹುಚ್ಚಣ್ಣನನ್ನು ಕರೆದಳು. "ನಮ್ಮೂರಲ್ಲಿ ಪಾರಿಜಾತದ ಕೆಳಗೆ ಬಟ್ಟೆ ಹಾಸ್ತೀವಲ್ಲಪ್ಪ, ಅಂಗೆ ಇಲ್ಲಿ ಹಿಡ್ಕೊಂಡು ನಿಂತ್ರೆ? ಮರ ಮುಟ್ಟಲ್ಲ."

ಹುಚ್ಚಣ್ಣ ಕೋಲಿನ ಮೇಲೆ ಗದ್ದವಿಟ್ಟು ಯೋಚಿಸಿದ. "ಮರ ತಾನಾಗೇ ಕೊಟ್ರೆ ನಂದೇನಡ್ಡಿ? ಅಲ್ಲಾಡಿಸ್ಬ್ಯಾಡಿ ಮತ್ತೆ."

ಅಡವಯ್ಯನ ಹೆಗಲ ಮೇಲಿದ್ದ ವಲ್ಲಿಯನ್ನು ಬಿಡಿಸಿ ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು. ರುಮಾಲು, ಕೋಟು ತೊಟ್ಟು ಬೆಲ್ಲದ ಮಂಡಿಯಲ್ಲಿ ಹತ್ತು ಜನರಿಗೆ ಹೇಳುವ ಮನುಷ್ಯ ಮರದಡಿ ಬಟ್ಟೆ ಹಿಡಿದು ನಿಂತ. ಕೊಡೆ ಹಿಡಿದು ಹೋಗುತ್ತಿದ್ದ ವಕೀಲರೊಬ್ಬರು, "ಬಟ್ಟೆ ಒಣಗಿತೇ ಯಜಮಾನರೆ?" ಎಂದು ಕೇಳಿದರು. ಅಡವಯ್ಯ ಮರದ ತುದಿಯನ್ನು ನೋಡಿದ.

ಹೂವು ಬಿದ್ದವು. ಎಡಕ್ಕೆ ಸರಿದರೆ ಬಲಕ್ಕೆ, ಬಲಕ್ಕೆ ಸರಿದರೆ ಬೆನ್ನ ಹಿಂದೆ. ಹೊತ್ತೇರಿ ಮಧ್ಯಾಹ್ನವಾಯಿತು. ಹಸಿವು, ಬಿಸಿಲು, ಸೆರಗನ್ನೂ ದಾಟಿ ಬರುವ ಪರಿಮಳ ಸೇರಿ ಕರಿಬಸಮ್ಮನಿಗೆ ತೋಟ ತೇಲತೊಡಗಿತು. ಗಾಜಿನ ಮನೆ ದೂರದ ಕೆರೆಯಂತೆ ಮಿನುಗಿತು. ವಲ್ಲಿ ಒಮ್ಮೆ ತೊಟ್ಟಿಲಾಗಿ ಕಂಡಿತು. ಅದರ ಆಚೆ ತುದಿಯಲ್ಲಿ ನಿಂತವನು ಮೀಸೆ ಇನ್ನೂ ಕಪ್ಪಗಿದ್ದ ಅಡವಯ್ಯ. ಮದುವೆಯಾದ ಹೊಸತರಲ್ಲಿ ಇಬ್ಬರೂ ಹೀಗೇ ಹೊಸ ಸೀರೆಯೊಂದನ್ನು ಮಡಿಸಿದ್ದರು. ಮಡಿಸುತ್ತ ಮಡಿಸುತ್ತ ಹತ್ತಿರ ಬಂದಾಗ ಅವಳು ತಲೆ ತಗ್ಗಿಸಿದ್ದಳು. ಆಮೇಲೆ ಇಬ್ಬರೂ ಎದುರುಬದುರು ಇಷ್ಟು ಹೊತ್ತು ನಿಂತದ್ದೇ ಇಲ್ಲವೇನೋ.

"ಕೈ ನೋಯ್ತಾವೇನ್ರಿ?" ಎಂದಳು.

"ಬೆಲ್ಲದ ಮೂಟೆಗಿಂತ ಹಗುರ," ಎಂದ. ನೆರಳಿನ ಉದ್ದ ನೋಡಿ, "ಇನ್ನೊಂದು ಘಳಿಗೆ ಕಳದ್ರೆ ರೈಲು ಹೋಗುತ್ತೆ ಕಣೆ," ಎಂದ.

"ನೀವು ಹೇಳಿದಂಗೆ."

ಬಟ್ಟೆ ಕೆಳಗಿಡು ಎಂದರೆ ಅವಳು ಇಡುತ್ತಿದ್ದಳು. ಹಾಗೆ ಇಡುವ ಅವಳ ಮುಖ ಹೇಗಿದ್ದೀತೆಂದು ಅಡವಯ್ಯನಿಗೆ ಗೊತ್ತಿತ್ತು. ಅವನು ತನ್ನ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಹೋದ್ರೆ ಹೋಗ್ಲಿ. ನಾಳೇನೂ ಒಂದು ಬರುತ್ತೆ," ಎಂದ.

ಬಿಸಿಲು ಹಳದಿಗೆ ತಿರುಗಿತು. ದೂರದಲ್ಲಿ ರೈಲು ಕೂಗಿದ್ದು ಇಬ್ಬರಿಗೂ ಕೇಳಿಸಿತು, ಇಬ್ಬರೂ ಬಟ್ಟೆಯನ್ನು ಇನ್ನಷ್ಟು ಮೇಲೆತ್ತಿ ಹಿಡಿದರು. ಆಮೇಲೆ ವಲ್ಲಿಯ ನಡುವೆ ಏನೋ ತೂಗಿತು. ಅಡವಯ್ಯನೇ ಮೊದಲು ನೋಡಿದ್ದು. ಒಂದು ಎಸಳೂ ಕದಡದೆ, ಹೆಡೆ ಮೇಲಾಗಿ ಕೂತಿತ್ತು.

ಹುಚ್ಚಣ್ಣ ಓಡಿಹೋಗಿ ಚೆಂಬಿನಲ್ಲಿ ನೀರು ತಂದ. ಕರಿಬಸಮ್ಮ ಕೈಕಾಲು ತೊಳೆದು, ಮರಕ್ಕೆ ಬೆನ್ನಾಗಿ ಕೂತು, ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿ ಇಟ್ಟುಕೊಂಡಳು. ಹೂವು ಅಂಗೈಗಿಂತ ದೊಡ್ಡದು. ಏರಿಸಿದಾಗ ಲಿಂಗ ಪೂರ್ತಿ ಮುಚ್ಚಿಹೋಯಿತು. ಮಗಳ ಹೆಸರನ್ನು ಒಮ್ಮೆ ಹೇಳಿದಳು. ಬೇರೇನು ಕೇಳಬೇಕೆಂದಿದ್ದಳೋ ಅದೆಲ್ಲ ಮರೆತುಹೋಗಿತ್ತು.

"ಆಯ್ತಾ?" ಎಂದ ಅಡವಯ್ಯ.

"ಆಯ್ತು."

ಎದ್ದು ನಿಂತು, ಆಗ ತಾನೇ ಬಂದವಳಂತೆ ಅವಳು ಸುತ್ತ ನೋಡಿದಳು. ದಾರಿಯುದ್ದಕ್ಕೂ ನೇರಳೆ ಬಣ್ಣ ಉದುರಿತ್ತು. ಅದರಾಚೆ ಒಂದು ಮರ ಪೂರ್ತಿ ಗುಲಾಬಿ.

"ರೀ, ಅದೇನು ಮರ?"

"ನಂಗೇನು ಗೊತ್ತೆ? ಬಾ, ಹತ್ರ ಹೋಗಿ ನೋಡೋಣ."

ನಾಳೆಯ ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಇಬ್ಬರೂ ಆ ಕಡೆ ನಡೆದರು.