ಊಟ ಐತಿಹಾಸಿಕ, ಬಾ

ತೆಲುಗು ನಾಡಿನ ಕುಷಾಯಿಗೂಡದ ಗಲ್ಲಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಒಳಗೆ ಸೂಗಮ್ಮ ಜೋಳದ ರೊಟ್ಟಿ ಬಡಿಯುವ ಸದ್ದು, ಹೊಸ್ತಿಲ ಮೇಲೆ ಮಗಳು ದಾನೇಶ್ವರಿ ಹಳೆಯ ಲ್ಯಾಪ್‌ಟಾಪ್ ಕುಟ್ಟುವ ಸದ್ದು. ಅವ್ವ ಕೂಲಿಯವರು ಸೇರುವ ಅಡ್ಡಾಕ್ಕೆ ಹೊರಡಬೇಕು, ಮಗಳು ನಾರಾಯಣಗೂಡದ ಎಂಜಿನಿಯರಿಂಗ್ ಕಾಲೇಜಿಗೆ ಬಸ್ಸು ಹಿಡಿಯಬೇಕು. ನಡುವೆ ಸಿಗುವ ಇಷ್ಟೇ ಹೊತ್ತಿನಲ್ಲಿ ಆಕೆ ಸಂಬಳವಿಲ್ಲದ, ಯಾರ ಕಣ್ಣಿಗೂ ಬೀಳದ ಕೆಲಸವೊಂದನ್ನು ಮಾಡುತ್ತಾಳೆ. ಫೋನಿನಲ್ಲಿ ಕನ್ನಡ ಬರೆಯುವ ಕೀಲಿಮಣೆಯನ್ನು ತಿದ್ದುತ್ತಾಳೆ.

"ಅವ್ವಾ, ಇವತ್ತು ಸಂಜಿಕ ನನಗೊಂದು ಮೆಸೇಜ್ ಬರಿ," ಎನ್ನುತ್ತಾಳೆ ತಲೆ ಎತ್ತದೆ.

"ಯಾಕ, ಮತ್ತ ಮಂದಿ ನಗಾಕೇನು?" ಎಂದು ಒಳಗಿನಿಂದ ಉತ್ತರ ಬರುತ್ತದೆ.

ಆ ಕೀಲಿಮಣೆ ಮುಕ್ತ ತಂತ್ರಾಂಶ. ಅಂದರೆ ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಪ್ಪು ಕಂಡರೆ ಸರಿಪಡಿಸಿ ಕಳಿಸಬಹುದು. ಓದುವ ಹುಡುಗರು ಇಂಥದ್ದಕ್ಕೆ ಕೈ ಹಾಕುವುದು ಸಾಮಾನ್ಯವಾಗಿ ಮುಂದೆ ನೌಕರಿಗೆ ಅನುಕೂಲವಾಗಲಿ ಎಂದು. ದಾನೇಶ್ವರಿ ಕೈ ಹಾಕಿದ್ದು ಅವ್ವನನ್ನು ನೋಡಿ ಜನ ನಕ್ಕದ್ದನ್ನು ಸಹಿಸಲಾರದೆ.

ಆದದ್ದಿಷ್ಟು. ಹೋದ ದೀಪಾವಳಿ ಹೊತ್ತಿಗೆ ಸೂಗಮ್ಮ ಮನೆಮಂದಿಯ ಗ್ರೂಪಿನಲ್ಲಿ ಮಗಳಿಗೆ 'ಊಟ ಐತಿ ಬಾ' ಎಂದು ಬರೆದರು. ಕೀಲಿಮಣೆಗೆ 'ಐತಿ' ಗೊತ್ತಿಲ್ಲ. ಪಾಪ, ಅರ್ಧಕ್ಕೇ ನಿಲ್ಲಿಸಿದ್ದಾರೆ ಎಂದುಕೊಂಡು ತಾನೇ ಪೂರ್ತಿ ಮಾಡಿತು: 'ಊಟ ಐತಿಹಾಸಿಕ ಬಾ'. ತವರೂರು ಸುರಪುರದಿಂದ ಅವರ ತಮ್ಮ ಮಲ್ಲಣ್ಣ, 'ನಿಜಾಮನ ಕಾಲದ ಸಾರೇನು ಅಕ್ಕಾ?' ಎಂದು ಕೇಳಿದ. ಗ್ರೂಪೆಲ್ಲ ನಕ್ಕಿತು. ಪತ್ರಿಕೆಗೆ ಬರೆಯಲೆಂದು ಬಂದ ನಾನೂ ಇದನ್ನು ಕೇಳಿ ನಕ್ಕೆ, ಸುಳ್ಳೇಕೆ ಹೇಳಲಿ.

"ಅವ್ವನೂ ನಕ್ಕಳ್ರಿ. ಆದ್ರ ಅವತ್ತಿನಿಂದ ಬರಿಯೋದ ಬಿಟ್ಲು," ಎನ್ನುತ್ತಾಳೆ ದಾನೇಶ್ವರಿ. "ಏನಿದ್ರೂ ಮಾತಾಡಿ ಕಳಸ್ತಾಳ. 'ನನಗೆಲ್ಲಿ ಬರಿಯಾಕ ಬರತೈತಿ ಬಿಡು' ಅಂತಾಳ. ನನಗ ಕನ್ನಡ ಕಲಿಸಿದಾಕಿನೇ ಅಕಿ!"

ಅದು ನಿಜ. ಶಾಲೆಯಲ್ಲಿ ದಾನೇಶ್ವರಿ ಕಲಿತದ್ದು ತೆಲುಗು, ಇಂಗ್ಲಿಷು. ಊರಲ್ಲಿ ನಾಲ್ಕನೆಯ ತರಗತಿ ಓದಿದ್ದ ಅವ್ವನೇ ಆಕೆಯ ಕನ್ನಡ ಶಾಲೆ. "ಕೂಲಿ ಮಾಡೋ ಕಟ್ಟಡದ ಮುಂದ ಹಸಿ ಉಸುಕು ಸುರುವಿರ್ತಿದ್ರು. ಬುತ್ತಿ ಉಂಡ ಮ್ಯಾಲೆ ಅವ್ವ ನನ್ನ ಕೈ ಹಿಡಿದು ಅದರಾಗ ಅಕ್ಷರ ಬರಸ್ತಿದ್ಲು. ಸಂಜಿ ಅನ್ನೋದ್ರಾಗ ಆ ಉಸುಕು ಗ್ವಾಡಿ ಸೇರ್ತಿತ್ತು. ಈ ಊರಾಗ ಯಾವ ಗ್ವಾಡಿಯೊಳಗ ನನ್ನ ಅ-ಆ ಐತೋ ಗೊತ್ತಿಲ್ರಿ."

ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೂ ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಒಳಗೆ ಬಂದರೆ ಮಾತ್ರ ಅವ್ವನ 'ಹೊತ್ತಾತು, ಕೈಕಾಲು ತೊಳ್ಕೊ'. ಆ ದನಿ ಈಗಿಲ್ಲ. ಈ ಹುಡುಗಿಯ ಮಾತು ಕೇಳುತ್ತ ಅದು ನೆನಪಾಗುತ್ತದೆ.

ಕೀಲಿಮಣೆಗೆ 'ಐತಿ' ಸೇರಿಸುವುದೇನೂ ಸಲೀಸಾಗಿರಲಿಲ್ಲ. ಅದನ್ನು ಬಿಟ್ಟಿಯಾಗಿ ನೋಡಿಕೊಳ್ಳುವವರು ಮೈಸೂರಿನ ಪ್ರಾಣೇಶ. 'ಇದು ಆಡುಮಾತಲ್ವಾ? ಸೇರಿಸ್ಬೇಕಾ?' ಎಂದು ಕೇಳಿದರು. 'ನಮ್ಮವ್ವ ಇದನ್ನ ಬರೀತಾಳ್ರಿ,' ಎಂದು ಈಕೆ ಉತ್ತರ ಬರೆದಳು. ಅವರು ಒಪ್ಪಿದರು. ಆಮೇಲೆ ಎಡವಿದ್ದು ಈಕೆಯೇ.

"ಸಿಟ್ಟಿನ್ಯಾಗ ಐತಿಗೆ ಭಾಳ ತೂಕ ಕೊಟ್ಟಿದ್ದೆ. ಅದರ ಸನೇದ ಮಾತೆಲ್ಲ ಐತಿನೇ ಆಗಾಕ ಹತ್ತಿದ್ವು," ಎಂದು ನಾಚುತ್ತಾಳೆ. ಸರಿಯಾಗಿದೆಯೇ ಎಂದು ಬಳಸಿ ನೋಡಿದ ಮೇಷ್ಟ್ರೊಬ್ಬರು 'ಹಂಪಿಯ ಐತಿಹ್ಯ' ಎಂದು ಬರೆದರೆ 'ಹಂಪಿಯ ಐತಿ' ಎಂದಾಯಿತಂತೆ. 'ನಿಮ್ಮ ತಾಯಿಗೆ ಆದದ್ದೇ ಈಗ ಮೇಷ್ಟ್ರಿಗೂ ಆಯ್ತಲ್ಲಮ್ಮ,' ಎಂದರಂತೆ ಪ್ರಾಣೇಶ. ಮಾತು ನಾಟಿತು. ಎರಡೂ ಪದ ತಮ್ಮ ತಮ್ಮ ಜಾಗದಲ್ಲಿ ಕೂರುವವರೆಗೆ ಎಷ್ಟೋ ಮುಂಜಾವು ತಿದ್ದಿದಳು. ಕೊನೆಗೂ ಅದು ಒಪ್ಪಿಗೆಯಾಗಿ ಎಲ್ಲರ ಫೋನಿಗೂ ಹೋಗಿದೆ. ಸೂಗಮ್ಮನ ಫೋನಿಗೆ ನಿನ್ನೆ ಬಂದಿದೆ. ಅವ್ವನಿಗೆ ಇದಾವುದೂ ತಿಳಿಯದು.

ಸಂಜೆ ಕಾಲೇಜಿನ ಎದುರು ದಾನೇಶ್ವರಿ, ನಾನು ಇಬ್ಬರೂ ಚಹಾ ಕುಡಿಯುತ್ತಿದ್ದೇವೆ. ಆಕೆಯ ಕಣ್ಣು ಚಹಾದ ಮೇಲಿಲ್ಲ, ಫೋನಿನ ಮೇಲಿದೆ. ಅವ್ವ ಬರೆಯುವುದೇ ಇಲ್ಲವೇನೋ ಎಂದು ನನಗೂ ಅನಿಸತೊಡಗುತ್ತದೆ. ಅಷ್ಟರಲ್ಲಿ ಫೋನು ಸದ್ದು ಮಾಡುತ್ತದೆ. ಆಕೆ ಓದಿ, ನನ್ನ ಮುಂದೆ ಹಿಡಿಯುತ್ತಾಳೆ.

'ಊಟ ಐತಿ ಬಾ.'

"ಇದರಾಗ ನನ್ನ ಕೈ ಐತಿ ಅಂತ ಅವ್ವಗ ಹೇಳಬ್ಯಾಡ್ರಿ," ಎನ್ನುತ್ತಾಳೆ ಕಣ್ಣೊರೆಸಿಕೊಂಡು.

ಹಾಗಾದರೆ ಪತ್ರಿಕೆಯಲ್ಲಿ ಬರೆಯಬಾರದೇ, ನಿಮ್ಮವ್ವ ಕನ್ನಡ ಓದುತ್ತಾರಲ್ಲ ಎಂದೆ.

"ಬರೀರಿ. ಅಕಿ ಮೊದಲೂ ಸರೀನೇ ಬರದಿದ್ಲು ಅಂತ ಬರೀರಿ."