ಕೆಂದನ ಗಂಟೆ, ಚಾಂದ್‌ಬಿಯ ನಿದ್ದೆ

ಮಕ್ಬೂಲನ ಎದುರು ಇವತ್ತಿಗೂ ಗಾಡಿಯವ ಹುಚ್ಚನ ಹೆಸರು ಎತ್ತಬಾರದು. ಎತ್ತಿದರೆ ಬಾಯಲ್ಲಿದ್ದ ಎಲೆಯಡಿಕೆ ಉಗಿದು, "ಮುಂಗಾಡಿ ನಂದು! ಕಸ್ಕೊಂಡು ಕೂತಾನೆ ಕಳ್ಳ!" ಎಂದು ಶುರುಮಾಡುತ್ತಾನೆ.

ಯಲ್ಲಾಪುರದ ಎತ್ತಿನ ಗಾಡಿಗಳು ಸಾಲುಗಟ್ಟಿ ಘಟ್ಟ ಇಳಿಯುತ್ತವೆ. ಅಂಕೋಲೆಯಿಂದ ಉಪ್ಪು ತುಂಬಿಕೊಂಡು ಹತ್ತುತ್ತವೆ. ಸಾಲಿನ ಮೊದಲ ಗಾಡಿಯೇ ಮುಂಗಾಡಿ. ಅದು ನಿಂತರೆ ಎಲ್ಲ ನಿಲ್ಲಬೇಕು, ನಡೆದರೆ ಎಲ್ಲ ನಡೆಯಬೇಕು. ಆ ಜಾಗದಲ್ಲಿ ಮೊದಲು ಮಕ್ಬೂಲನ ಅಪ್ಪ ದಾದಾಸಾಬ ಕೂತಿದ್ದ, ಆಮೇಲೆ ಮಕ್ಬೂಲ ಕೂತ. ಹುಚ್ಚನದು ಅದರ ಬೆನ್ನಿಗೇ ಬರುವ ಗಾಡಿ.

ಎರಡು ಮಳೆಗಾಲದ ಹಿಂದೆ ಮಕ್ಬೂಲನ ಹೆಂಡತಿ ಶರೀಫಾಗೆ ಚಳಿಜ್ವರ ಹಿಡಿದು ಬಿಡಲೇ ಇಲ್ಲ. ಅತ್ತೆ ರಹಿಮತ್ಬಿ ಶಿರಸಿಯಿಂದ ಬಂದು ಮಗಳನ್ನು ಕರೆದೊಯ್ದಳು. "ಜಡ್ಡಿನವಳನ್ನ ನೋಡ್ಲೋ, ಮಕ್ಕಳನ್ನ ನೋಡ್ಲೋ? ಹೇಗೂ ಮಳೆ, ಗಾಡಿ ನಿಂತದೆ. ನೀನೇ ನೋಡ್ಕೋ ಬೇಟಾ" ಎಂದಳು. ಎಂಥೆಂಥ ಹೋರಿ ಪಳಗಿಸಿದವನು ನಾನು, ಇದೇನು ಮಹಾ ಅಂದುಕೊಂಡ ಮಕ್ಬೂಲ.

ದೊಡ್ಡವಳು ಜೊಹರಾಗೆ ನಾಲ್ಕು ವರ್ಷ. ಚಿಕ್ಕವಳು ಚಾಂದ್‌ಬಿ ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದಳು. ಮಕ್ಬೂಲ ಗದರಿಸಿದರೆ ಬಲಗಡೆಯ ಎತ್ತು ಕೆಂದ ಕಿವಿ ನಿಮಿರಿಸುತ್ತಿತ್ತು. ಗಂಜಿ ತಿನ್ನೆಂದು ಹಾಗೇ ಗದರಿಸಿದರೆ ಚಾಂದ್‌ಬಿ ಕಿಲಕಿಲ ನಕ್ಕು ಉಳಿದ ಗಂಜಿಯನ್ನೂ ಚೆಲ್ಲಿದಳು.

"ಅಬ್ಬಾ, ಅದು ಎತ್ತಲ್ಲ" ಎಂದಳು ಜೊಹರಾ ಅಪ್ಪನಿಗೆ.

"ಎತ್ತಾಗಿದ್ರೆ ಬುದ್ಧಿ ಇರ್ತಿತ್ತು!"

ಸಿಟ್ಟು ಇಳಿದ ಮೇಲೆ ಸೋಜಿಗ ಹುಟ್ಟಿತು. ಮಣ್ಣು ತಿನ್ನುವ ಈ ಪ್ರಾಣಿ ಗಂಜಿ ಯಾಕೆ ತಿನ್ನುವುದಿಲ್ಲ? ಎದುರು ಕುಕ್ಕರಗಾಲಲ್ಲಿ ಕೂತು ನೋಡತೊಡಗಿದ. ಒಂದು ದಿನ ತನಗೇ ಹಸಿವು ತಡೆಯದೆ ಅವಳ ತಟ್ಟೆಗೆ ಕೈ ಹಾಕಿದ. ಅವಳು ತೆವಳಿ ಬಂದು ಅವನ ಬೆರಳಿಂದಲೇ ಕಿತ್ತು ತಿಂದಳು. ಅರೆ, ಕೆಂದನೂ ಹೀಗೇ ಅಲ್ಲವೇ, ಜೋಡಿ ಎತ್ತು ಬಾಯಿ ಹಾಕದೆ ಹುಲ್ಲು ಮುಟ್ಟುವುದಿಲ್ಲ! ಈ ಸುದ್ದಿಯನ್ನು ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದ. ಜನ ನಕ್ಕರು. ಅದಕ್ಕೂ ಜಗಳ ತೆಗೆದ.

ನಿದ್ದೆಯದು ಇನ್ನೂ ವಿಚಿತ್ರ. ಮಳೆಗಾಲಕ್ಕೆ ಬಿಚ್ಚಿಟ್ಟಿದ್ದ ಕೆಂದನ ಕೊರಳಗಂಟೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ, ಒಂದೇ ಸಮನೆ ಅಳುತ್ತಿದ್ದ ಚಾಂದ್‌ಬಿ ಸುಮ್ಮನಾದಳು. ತೊಟ್ಟಿಲಿಗೆ ಕಟ್ಟಿ ತೂಗಿದ, ಮಲಗಿಬಿಟ್ಟಳು. ಗಂಟೆ ಹಿಡಿದು ನಿಲ್ಲಿಸಿದರೆ ಕಣ್ಣು ತೆರೆಯುತ್ತಾಳೆ, ಬಿಟ್ಟರೆ ಮುಚ್ಚುತ್ತಾಳೆ. ಬೆರಗಾಗಿ ಹಿಡಿಯುತ್ತ ಬಿಡುತ್ತ ಕೂತ. ಮಳೆಗಾಲವೆಲ್ಲ ಅದೇ ರೂಢಿಯಾಯಿತು.

ಮಳೆ ಮುಗಿಯಿತು. ಶರೀಫಾ ಇನ್ನೂ ಎದ್ದಿರಲಿಲ್ಲ. ಸರಕು ಕೊಡುವ ಶಿವಪುತ್ರಪ್ಪ ಹೇಳಿ ಕಳಿಸಿದರು, "ಗಾಡಿ ಹೊರಡದಿದ್ರೆ ಹೇಳಿಬಿಡು, ಮೋಟಾರಿನವ ಕಾಯ್ತಿದ್ದಾನೆ. ಒಮ್ಮೆ ಅವನಿಗೆ ಕೊಟ್ಟೆ ಅಂದ್ರೆ ಮತ್ತೆ ನಿನಗಿಲ್ಲ."

ನೆರೆಮನೆಯ ದ್ಯಾವಮ್ಮ ಮಕ್ಕಳನ್ನು ಇಟ್ಟುಕೊಳ್ಳಲು ಒಪ್ಪಿದಳು. "ಆದ್ರೆ ಗಂಟೆ ಬಿಟ್ಟು ಹೋಗು ಮಾರಾಯಾ. ಅದಿಲ್ದೆ ಇವಳೂ ಮಲಗೂದಿಲ್ಲ, ನಂಗೂ ಮಲಗೂಕೆ ಬಿಡೂದಿಲ್ಲ."

ಪೇಟೆಯಿಂದ ಹೊಸ ಗಂಟೆ ತಂದು ತೊಟ್ಟಿಲಿಗೆ ಕಟ್ಟಿ ನೋಡಿದ. ಚಾಂದ್‌ಬಿ ಮನೆ ಹಾರಿಹೋಗುವಂತೆ ಕಿರುಚಿದಳು. ಹಳೆಯದನ್ನೇ ಅಲ್ಲಿ ಬಿಟ್ಟು, ಹೊಸದನ್ನು ಕೆಂದನ ಕೊರಳಿಗೆ ಕಟ್ಟಿ ಹೊರಟ.

ಇಡಗುಂದಿ ಹತ್ತಿರ ಕೆಂದ ನಿಂತಿತು. ಬಾರುಕೋಲು ಬೀಸಿದ, ಬಾಲ ತಿರುಚಿದ, ಅದರ ಏಳು ತಲೆಮಾರು ಬೈದ. ಕೆಂದ ತಲೆ ಕೊಡವುತ್ತದೆ, ಹೆಜ್ಜೆ ಇಡುವುದಿಲ್ಲ. ಹಿಂದೆ ಸಾಲೆಲ್ಲ ನಿಂತಿತು. ಹುಚ್ಚ ಇಳಿದು ಬಂದ.

"ಏನೋ, ನಿನ್ನ ಸಿಟ್ಟು ಎತ್ತಿಗೂ ಅಂಟಿತೇನೋ? ಗುರುತಿನ ಗಂಟೆ ಕೇಳ್ದೆ ಅದು ನಡೀತದೇನೋ? ಹಳೇದು ಎಲ್ಲೋ?"

"ತೊಟ್ಟಿಲಲ್ಲಿ."

ಗಾಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಚ್ಚನೂ ನಕ್ಕ. ಆಮೇಲೆ ಅಂದ, "ನಾ ಮುಂದೆ ಹೋಗ್ತೆ. ನನ್ನ ಎತ್ತಿನ ಗಂಟೆ ಕೆಂದ ದಿನಾ ಬೆನ್ನ ಹಿಂದೆ ಕೇಳಿದ್ದೇ. ಕೇಳ್ಕಂಡು ಬತ್ತದೆ, ನೋಡು."

"ಪ್ರಾಣ ಹೋದ್ರೂ ಮುಂಗಾಡಿ ಬಿಡೂದಿಲ್ಲ!"

"ಹಂಗಾರೆ ಮನೆಗೆ ಹೋಗಿ ಮೊಮ್ಮಕ್ಕಳನ್ನೂ ಸಾಕು."

ಮಕ್ಬೂಲ ಹಿಂದೆ ನೋಡಿದ, ಊರ ದಾರಿ. ಮುಂದೆ ನೋಡಿದ, ಘಟ್ಟ. ಶಿವಪುತ್ರಪ್ಪನವರ ಮೂಟೆಗಳು ಬೆನ್ನಿಗೆ ಒತ್ತುತ್ತಿದ್ದವು. ಹಲ್ಲು ಕಚ್ಚಿ ಗಾಡಿಯನ್ನು ಬದಿಗೆ ಎಳೆದ. ಹುಚ್ಚನ ಗಾಡಿ ದಾಟಿಹೋಯಿತು. ಕೆಂದ ಕಿವಿ ಆಡಿಸಿತು, ಹೆಜ್ಜೆ ಕಿತ್ತಿತು.

ಆ ವರ್ಷವೆಲ್ಲ ಹಾಗೇ ನಡೆಯಿತು. ಸರಕು ಕೈತಪ್ಪಲಿಲ್ಲ. ಬೇಸಗೆಯಲ್ಲಿ ಶರೀಫಾ ಚೇತರಿಸಿಕೊಂಡು ಬಂದಳು. ತಾಯಿಯ ಸೆರಗು ಸಿಕ್ಕಿದ್ದೇ ಚಾಂದ್‌ಬಿ ಗಂಟೆಯನ್ನು ತಿರುಗಿಯೂ ನೋಡಲಿಲ್ಲ. ಇಷ್ಟೇಯೇನೇ ನಿನ್ನ ನಂಟು ಎಂದು ಮಕ್ಬೂಲನಿಗೆ ಅದೂ ಒಂದು ಸೋಜಿಗ. ಗಂಟೆಯನ್ನು ಕೆಂದನ ಕೊರಳಿಗೆ ಕಟ್ಟಿ, ಗಾಡಿಗಳು ಸಾಲುಗೂಡುವ ಊರಂಚಿನ ನಾಕೆಯಲ್ಲಿ ಹುಚ್ಚನ ಎದುರು ನಿಂತ.

"ಈಗ ಬಿಡು ನನ್ನ ಜಾಗ."

"ಬಿಡ್ತೆ. 'ಹುಚ್ಚಾ, ಅವತ್ತು ನೀ ಇದ್ದಿದ್ದಕ್ಕೆ ಆತು' ಅಂತ ಒಂದ್ಸಲ ಅನ್ನು, ಬಿಡ್ತೆ."

"ನಿನ್ನಪ್ಪನಾಣೆ ಅನ್ನೂದಿಲ್ಲ!"

"ಹಂಗಾರೆ ಹಿಂದೆ ಬಾ."

ಈಗಲೂ ನಾಕೆಯಲ್ಲಿ ಗಾಡಿ ಹೊರಡುವ ಮುಂಚೆ ಹುಚ್ಚ ಹಗ್ಗ ಬಿಗಿಹಿಡಿದು, ಒಂದು ಗಳಿಗೆ ಹಿಂತಿರುಗಿ ನೋಡುತ್ತಾನೆ. ಮಕ್ಬೂಲ ಬೇರೆ ಕಡೆ ತಿರುಗಿ ಬೀಡಿ ಹಚ್ಚುತ್ತಾನೆ. ಆ ಒಂದು ಮಾತು ಹಾಗೇ ಬಾಕಿ.