ತಿಳಿಬೂದು ಬಣ್ಣದ ರೆಸ್ಯೂಮ್

ಕೆಲಸ ಹೋದ ಮೇಲೆ ಮೊದಲ ಹನ್ನೊಂದು ದಿನ ನಾನು ಕೆಲಸ ಹುಡುಕಲಿಲ್ಲ; ಕೆಲಸ ಹುಡುಕುವ ಯೋಜನೆಯನ್ನು ಅಲಂಕರಿಸಿದೆ. ಮೊಬೈಲ್ ಆ್ಯಪ್‌ಗಳನ್ನು ವಿನ್ಯಾಸ ಮಾಡುವುದು ನನ್ನ ಕಸುಬು. ವಿಮಾನ ನಗರದಲ್ಲಿದ್ದ ನಮ್ಮ ಕಂಪನಿ ಇಡೀ ವಿಭಾಗವನ್ನೇ ಮುಚ್ಚಿದಾಗ, ಊರಿನ ಇನ್ನೊಂದು ತುದಿಯಲ್ಲಿರುವ ನಿಗಡಿಯ ನನ್ನ ಬಾಡಿಗೆ ಮನೆಯ ಗೋಡೆಗೆ ದೊಡ್ಡದೊಂದು ಚಾರ್ಟ್ ಅಂಟಿಸಿದೆ. ಅರ್ಜಿಗೆ ಹಳದಿ, ಸಂದರ್ಶನಕ್ಕೆ ನೀಲಿ, ಕೆಲಸ ಸಿಕ್ಕರೆ ಹಸಿರು. ಆ ಹಸಿರು ಎಲೆಯದ್ದಿರಬೇಕೋ ಗಿಳಿಯದ್ದಿರಬೇಕೋ ಎಂದು ಎರಡು ದಿನ ಯೋಚಿಸಿದೆ. ಅರ್ಜಿ ಮಾತ್ರ ಒಂದೂ ಹೋಗಿರಲಿಲ್ಲ.

ಸೋಮಾರಿ ಎನ್ನಬೇಡಿ. ಹೆದರಿಕೆ ಎಷ್ಟೋ ಸಲ ಶ್ರದ್ಧೆಯ ವೇಷ ಹಾಕಿಕೊಂಡು ಬರುತ್ತದೆ. ಪರೀಕ್ಷೆಯ ಹಿಂದಿನ ದಿನ ಪುಸ್ತಕಗಳಿಗೆ ಹೊಸ ರಟ್ಟು ಹಾಕುತ್ತಿದ್ದವಳು ನಾನು.

ಪಕ್ಕದ ಮನೆಯ ಕಸ್ತೂರಿಬಾಯಿ ಹುಬ್ಬಳ್ಳಿ ಕಡೆಯವರು. ಒಂದು ಮಧ್ಯಾಹ್ನ ಚಟ್ನಿಪುಡಿ ಕೊಡಲು ಬಂದವರು ಮೇಜಿನ ಮೇಲಿದ್ದ ನನ್ನ ರೆಸ್ಯೂಮನ್ನು ಎತ್ತಿಕೊಂಡರು. ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ಕಿಟಕಿಯ ಬಳಿ ಒಯ್ದರು.

"ವಿದ್ಯಾ, ಇದರಾಗ ನಿಮ್ಮ ಹೆಸರು ಎಲ್ಲಿ ಅದರಿ?"

ಮೇಲ್ತುದಿಯಲ್ಲೇ ಇತ್ತು, ತಿಳಿಬೂದು ಬಣ್ಣದ ನೂಲೆಳೆಯಂಥ ಅಕ್ಷರಗಳಲ್ಲಿ. ತೋರಿಸಿದೆ.

"ಭಾಳ ಚಂದ ಅದರಿ. ಆದ್ರ ಇದನ್ನ ಓದೋರು ಯಾರು?"

ಆ್ಯಪ್ ಬಳಸುವವರ ಬೆರಳು ಎಲ್ಲಿ ತಡವರಿಸುತ್ತದೆ ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಿದ್ದ ನಾನು, ನನ್ನ ರೆಸ್ಯೂಮನ್ನು ಓದುವವರ ಬಗ್ಗೆ ಒಬ್ಬರನ್ನೂ ಕೇಳಿರಲಿಲ್ಲ. ಅಂದೇ ಹಳೆಯ ಸಹೋದ್ಯೋಗಿ ಸುಮಾಗೆ ಫೋನು ಮಾಡಿದೆ. ಬೇರೊಂದು ಕಂಪನಿಗೆ ಡಿಸೈನರ್‌ಗಳನ್ನು ಆರಿಸುವುದು ಈಗ ಅವಳ ಕೆಲಸ.

"ಚಂದದ ಸ್ಕ್ರೀನ್ ಎಲ್ರೂ ಕಳಿಸ್ತಾರೆ ಕಣೇ," ಎಂದಳು. "ಪ್ರಾಬ್ಲಮ್ ಏನಿತ್ತು, ನೀನೇನ್ ಮಾಡ್ದೆ, ಎಲ್ಲಿ ಎಡವಟ್ಟಾಯ್ತು, ಅದನ್ನ ಯಾರೂ ಬರೆಯಲ್ಲ."

ಅಕ್ಷರಗಳನ್ನು ಕಪ್ಪು ಮಾಡಿದೆ. ನಿಜವಾಗಿಯೂ ಸೇರಬೇಕೆನಿಸಿದ ಆರೇ ಕಂಪನಿಗಳನ್ನು ಆರಿಸಿಕೊಂಡೆ. ಅರ್ಜಿ ಹಾಕುವ ಮೊದಲು ಅಲ್ಲಿನ ಒಬ್ಬರೊಡನಾದರೂ ಮಾತಾಡಿದೆ. ರೆಸ್ಯೂಮಿನ ಜೊತೆಗಿಟ್ಟಿದ್ದ ಸ್ಕ್ರೀನ್ ಚಿತ್ರಗಳನ್ನು ಕಡಿಮೆ ಮಾಡಿ, ನನ್ನದೇ ಒಂದು ತಪ್ಪನ್ನು ಬರೆದೆ: ಆಸ್ಪತ್ರೆಯ ಆ್ಯಪ್‌ನಲ್ಲಿ ನಾನಿಟ್ಟ ಬಟನ್‌ನಿಂದಾಗಿ ವಯಸ್ಸಾದವರು ಡಾಕ್ಟರ ಭೇಟಿಯನ್ನು ತಿಳಿಯದೆ ರದ್ದು ಮಾಡಿಬಿಡುತ್ತಿದ್ದರು.

ಎರಡು ಕಡೆ ಸಂದರ್ಶನ ಮಾಡಿ ಬೇಡವೆಂದರು. ಮೊದಲಾಗಿದ್ದರೆ ಮುಸುಕು ಹಾಕಿ ಮಲಗುತ್ತಿದ್ದೆ. ಈ ಸಲ ಏಕೆಂದು ಕೇಳಿ ಬರೆದೆ. ಒಬ್ಬರು ಉತ್ತರಿಸಿದರು: "ಮಾತೆತ್ತಿದರೆ 'ನಾವು ಮಾಡಿದೆವು' ಎಂದಿರಿ. ನೀವು ಮಾಡಿದ್ದೇನೆಂದು ತಿಳಿಯಲಿಲ್ಲ." ಓದಿ ಕಿವಿ ಬಿಸಿಯಾಯಿತು, ಆದರೆ ಮಾತು ಸರಿಯಾಗಿತ್ತು.

ಯೆರವಡಾದ ಕಂಪನಿಯ ಸಂದರ್ಶನದಲ್ಲಿ 'ನಾನು' ಎಂದೇ ಹೇಳಿದೆ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಒಂದು ದಿನವಿಡೀ ಅಜ್ಜ ಅಜ್ಜಿಯರ ಪಕ್ಕ ಕೂತು, ಅವರು ಫೋನು ಒತ್ತುವುದನ್ನು ನೋಡಿ, ಆ ಬಟನ್ ಬದಲಿಸಿದ್ದನ್ನು ವಿವರಿಸಿದೆ. ಅರ್ಧ ಗಂಟೆ ಸಂದರ್ಶಕರು ಅದನ್ನೇ ಕೆದಕಿ ಕೆದಕಿ ಕೇಳಿದರು. ಮುಂದಿನ ವಾರ ಕೆಲಸ ಸಿಕ್ಕಿತು.

ಸುದ್ದಿ ಹೇಳಲು ಕಸ್ತೂರಿಬಾಯಿಯ ಮನೆಗೆ ಹೋದೆ.

"ಛಲೋ ಆತ್ರಿ! ಆದ್ರ ಅಲ್ಲಿ ನೀವು ಮಾಡೂದು ಏನು?"

ಕಾಲು ಗಂಟೆ ಕೈ ಆಡಿಸಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಅಂದ್ರ, ಮಂದಿ ಎಲ್ಲಿ ತಪ್ಪತಾರ ಅಂತ ನೋಡೂದು. ಅಂಚೆ ಕಚೇರಿ ಕೌಂಟರಿನ್ಯಾಗ ಮೂವತ್ತು ವರ್ಷ ನಾ ಮಾಡಿದ್ದೂ ಅದನ ರೀ. ನಮಗ ಯಾರೂ ಡಿಸೈನರ್ ಅನ್ನಲಿಲ್ಲ ನೋಡ್ರಿ!"

ಇಷ್ಟು ದಿನ ಪಕ್ಕದಲ್ಲೇ ಇದ್ದೂ ಅವರ ಕೆಲಸ ಏನಾಗಿತ್ತೆಂದು ನಾನು ಕೇಳಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ. ಮನಿಯಾರ್ಡರ್ ಫಾರ್ಮಿನ ಯಾವ ಸಾಲಿನಲ್ಲಿ ಜನ ಹೆಚ್ಚು ತಪ್ಪುತ್ತಿದ್ದರು ಎಂದು ಕೇಳಿದೆ. ಅವರು ಚಹಾಕ್ಕೆ ನೀರಿಟ್ಟು ಹೇಳತೊಡಗಿದರು.